ಯೋಬನ ಕೊನೆಯ ಹಾಳೆ

ದೊಡ್ಡನೆಕ್ಕುಂದಿ
11 ಫೆಬ್ರುವರಿ 2024

ದೇವರಾಜ,

ವಿಳಾಸವನ್ನೇ ಅಷ್ಟು ದಪ್ಪ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದೀಯಲ್ಲ, ಅಂಚೆಯವನು ನಗುತ್ತಾ ಕೊಟ್ಟು ಹೋದ. ಬಹಳ ದಿನದ ಮೇಲೆ ಈ ಮನೆಗೆ ಕರೆಂಟು ಬಿಲ್ಲು ಬಿಟ್ಟು ಬೇರೆ ಏನೋ ಬಂತು.

ಕಿವಿ ಕಾರ್ಖಾನೆಯ ಪ್ರೆಸ್ ಶಾಪಿನ ಸದ್ದಿನಲ್ಲೇ ಹೋಯಿತು, ಈಗ ಕಣ್ಣೂ ಕೈಕೊಡುತ್ತಿದೆ, ಬೈಬಲಿನ ಸಣ್ಣಕ್ಷರ ಕಾಣುವುದಿಲ್ಲ, ದೊಡ್ಡಕ್ಷರದ ಬೈಬಲ್ ಎತ್ತಿ ಹಿಡಿಯಲು ಕೈಯಲ್ಲಿ ಬಲವಿಲ್ಲ, ಹಾಗಾಗಿ ಸ್ವಲ್ಪ ಸ್ವಲ್ಪವೇ ದಪ್ಪಕ್ಷರದಲ್ಲಿ ನಕಲು ಮಾಡಿ ಕಳಿಸು ಅಂತ ಕೇಳಿದ್ದೀಯ. ಕಳಿಸುತ್ತೇನೆ. ಆದರೆ ಅತ್ತಿಬೆಲೆಯ ಆ ಆಶ್ರಮವನ್ನು ನಡೆಸುತ್ತಿರುವುದೇ ನಿಮ್ಮ ಚರ್ಚಿನ ಸಭೆಯವರು. ಮಗಳಿಗೆ ಭಾರವಾಗಬಾರದು ಅಂತ ಹಟ ಮಾಡಿ ಸೇರಿಕೊಂಡಿದ್ದೀಯ. ಸುತ್ತ ಅಷ್ಟು ಜನ ಭಕ್ತರನ್ನು ಇಟ್ಟುಕೊಂಡು, ದೇವರಿಲ್ಲ ಅಂತ ಹೇಳಿಯೇ ತಲೆ ನರೆಸಿಕೊಂಡ ನನ್ನನ್ನು ಯಾಕೆ ಕೇಳಿದೆ?

ಬೈಬಲ್ ಅಂದರೆ ನನಗೆ ಮೊದಲು ನೆನಪಾಗುವುದು ಅದರ ಕಾಗದ. ಇಬ್ಬರೂ ಮಿಲ್ಲಿಂಗ್ ಮೆಷಿನ್ ಮೇಲಿದ್ದಾಗ ಕಾರ್ಖಾನೆ ಗೇಟಿನಲ್ಲಿ ಯಾರೋ ಬೈಬಲಿನ ಹೊಸ ಒಡಂಬಡಿಕೆಯ ಅಂಗೈಯಗಲದ ಪುಸ್ತಕ ಪುಕ್ಕಟೆ ಹಂಚಿದ್ದರು. ಕಟರ್ ಲೋಹಕ್ಕೆ ತಾಗಿತೋ ಇಲ್ಲವೋ ತಿಳಿಯಲು ನಡುವೆ ತೆಳು ಕಾಗದ ಹಿಡಿಯುತ್ತಿದ್ದೆವಲ್ಲ, ಕಾಗದವನ್ನು ಎಳೆದುಕೊಂಡರೆ ತಾಗಿತು ಅಂತ. ನಾನು ಆ ಪುಸ್ತಕದ ಹಾಳೆ ಹರಿದು ಹಿಡಿದೆ. ಪಕ್ಕದ ಮೆಷಿನ್ನಿನಿಂದ ನೀನು ನೋಡಿದೆ. ಮಾರನೆಯ ದಿನದಿಂದ, ಜನ್ಮದಲ್ಲಿ ಸಿಗರೇಟು ಮುಟ್ಟದ ನೀನು, ಸಿಗರೇಟು ಸುತ್ತುವ ಕಾಗದದ ಪೊಟ್ಟಣ ತಂದು ನನ್ನ ಮೆಷಿನ್ ಮೇಲೆ ಇಡತೊಡಗಿದೆ. ನೀನು ನನಗೆ ಮಾಡಿದ ಧರ್ಮಬೋಧನೆ ಅಂದರೆ ಅದೊಂದೇ.

ಹಳೆ ಪುಸ್ತಕದ ಅಂಗಡಿಯಿಂದ ಒಂದು ಬೈಬಲ್ ತಂದಿದ್ದೇನೆ. ಮೊದಲಿಗೆ, ದೇವರೇ ನನ್ನ ಕುರುಬ ಅನ್ನುವ ಕೀರ್ತನೆ ಬರೆದಿದ್ದೇನೆ. ನನಗೆ ಯಾವುದಕ್ಕೂ ಕೊರತೆಯಿಲ್ಲ ಅಂತ ಹಾಡುವ ಈ ಕೀರ್ತನೆಗೆ ಸರಿಯಾಗಿ ಹಿಂದಿನದ್ದರಲ್ಲೇ ಒಬ್ಬ, ದೇವರು ಯಾಕೆ ನನ್ನ ಕೈಬಿಟ್ಟ ಅಂತ ಗೋಳಾಡುತ್ತಾನೆ. ಎರಡನ್ನೂ ಅಕ್ಕಪಕ್ಕ ಇಟ್ಟವರು ಯಾರೋ, ಧೈರ್ಯವಂತರೇ.

ನಂಬದಿದ್ದರೂ ಅಕ್ಷರ ತಪ್ಪಿಸದ
ಹನುಮಯ್ಯ


ಅತ್ತಿಬೆಲೆ
2 ಮಾರ್ಚ್ 2024

ಹನುಮ,

ಅಕ್ಷರ ಚೆನ್ನಾಗಿ ಕಾಣುತ್ತದೆ. ಕಿಟಕಿ ಪಕ್ಕ ಹಿಡಿದು ಓದಿದೆ.

ನಿನ್ನನ್ನೇ ಯಾಕೆ ಕೇಳಿದೆ ಅಂದರೆ, ಇಲ್ಲಿಯವರು ಸಾಲುಸಾಲಿಗೂ ಆಮೆನ್ ಅನ್ನುತ್ತಾರೆ. ನೀನು ಅನ್ನುವುದಿಲ್ಲ.

ಮುಂದೆ ಬೈಬಲಿನ ಯೋಬನ ಪುಸ್ತಕ ಬರಿ. ಅವನ ಸ್ನೇಹಿತರು ಮಾಡುವ ಉಪದೇಶ ಉದ್ದ ಇದೆ, ಅದನ್ನು ಬಿಡು. ಇಲ್ಲಿ ಊಟದ ಮನೆಯಲ್ಲಿ ದಿನವೂ ಅಂಥ ಉಪದೇಶಕ್ಕೆ ತುಟಿಗಳು ಆಡುವುದು ಕಾಣುತ್ತಿರುತ್ತದೆ, ಅಷ್ಟು ಸಾಕು.

ನಿನ್ನ ಅಭಿಪ್ರಾಯ ಕೂಡ ಬರಿ. ಮುಲಾಜು ಬೇಡ.

ದೇವರಾಜ


ದೊಡ್ಡನೆಕ್ಕುಂದಿ
14 ಏಪ್ರಿಲ್ 2024

ದೇವರಾಜ,

ಮುಲಾಜು ಬೇಡ ಅಂದಿದ್ದೀಯ, ಬೈಸಿಕೊಳ್ಳುವ ದೇವರು ನಿನ್ನವನು.

ಇದೇನು ಕಥೆ? ಒಬ್ಬ ಒಳ್ಳೆಯ ಮನುಷ್ಯ, ಹೆಂಡತಿ ಮಕ್ಕಳು ಕುರಿ ಒಂಟೆ ಅಂತ ತನ್ನ ಪಾಡಿಗೆ ಇದ್ದಾನೆ. ಮೇಲೆ ದೇವರೂ ಸೈತಾನನೂ ಕೂತು ಪಂಥ ಕಟ್ಟುತ್ತಾರೆ, ಎಲ್ಲ ಕಿತ್ತುಕೊಂಡರೂ ಇವನು ದೇವರನ್ನು ಬೈಯುತ್ತಾನೋ ಇಲ್ಲವೋ ಅಂತ. ಒಂದೇ ದಿನದಲ್ಲಿ ಕುರಿ ಹೋದವು, ಒಂಟೆ ಹೋದವು, ದೊಡ್ಡ ಮಗನ ಮನೆಯಲ್ಲಿ ಊಟಕ್ಕೆ ಕೂತಿದ್ದ ಮಕ್ಕಳೆಲ್ಲರ ಮೇಲೆ ಗಾಳಿಗೆ ಮನೆ ಬಿದ್ದು ಹೋಯಿತು. ನಾವು ಯೂನಿಯನ್ನಿನಲ್ಲಿದ್ದಾಗ ಮ್ಯಾನೇಜ್‌ಮೆಂಟು ಇದರಲ್ಲಿ ಕಾಲುಭಾಗ ಮಾಡಿದ್ದರೂ ಗೇಟಿಗೆ ಬೀಗ ಹಾಕಿಸುತ್ತಿದ್ದೆವು.

ಆ ಸಾಲುಗಳನ್ನು ಬರೆಯುವಾಗ ಆಕರ್ಷ್ ನೆನಪಾದ. ನಿನ್ನ ಮಗ ಬೈಕಿನಿಂದ ಬಿದ್ದು ಪ್ರಾಣ ಬಿಟ್ಟ ವೈಟ್‌ಫೀಲ್ಡಿನ ಆ ಸರ್ವಿಸ್ ರೋಡಿನಲ್ಲಿ ಈ ಎರಡು ವರ್ಷದಲ್ಲಿ ನಾನು ಒಮ್ಮೆಯೂ ಹೋಗಿಲ್ಲ, ಸುತ್ತು ಹಾಕಿಯಾದರೂ ಬೇರೆ ದಾರಿ ಹಿಡಿಯುತ್ತೇನೆ. ಈ ಪುಸ್ತಕ ನಿನಗೆ ಈಗ ಯಾಕೆ ಬೇಕು ಅಂತ ಕೇಳಲು ಪೆನ್ನು ಎತ್ತಿದೆ. ಕೇಳುವುದಿಲ್ಲ.

ಒಂದು ಜಾಗ ಮಾತ್ರ ನನಗೆ ಹಿಡಿಸಿತು. ಸ್ನೇಹಿತರು ಬಂದು ಅವನ ದುಃಖ ನೋಡಿ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಯಾರೂ ಒಂದು ಮಾತೂ ಆಡುವುದಿಲ್ಲ. ಬಾಯಿ ಬಿಟ್ಟ ಮೇಲೆ ಕೆಟ್ಟರು, ಅಲ್ಲಿಯ ತನಕ ಅಂಥ ಸ್ನೇಹಿತರಿಲ್ಲ. ನನ್ನ ಸೀತಾ ತೀರಿಕೊಂಡಾಗ ನಾನು ತಿಥಿ ಮಾಡುವುದಿಲ್ಲ ಅಂದೆ ಅಂತ ನನ್ನ ಕಡೆಯವರು ಹೊಸಿಲು ಹತ್ತಲಿಲ್ಲ. ನೀನೊಬ್ಬ ಬಂದು ಕುರ್ಚಿಯಲ್ಲಿ ಕೂತಿದ್ದೆ. ನಿನಗೆ ಆಗಲೇ ಕಿವಿ ಮಂದವಾಗಿತ್ತು, ಮಾತಿನ ಪ್ರಶ್ನೆಯೇ ಇರಲಿಲ್ಲ.

ಮೊದಲ ಎರಡು ಅಧ್ಯಾಯ ಇದರ ಜೊತೆ ಇವೆ.

ನಿನ್ನ ದೇವರ ಮೇಲೆ ಕೋಪದಲ್ಲಿರುವ
ಹನುಮಯ್ಯ


ದೊಡ್ಡನೆಕ್ಕುಂದಿ
16 ಜೂನ್ 2024

ತಾತನಾದ ದೇವರಾಜನಿಗೆ,

ನಿನ್ನ ಮಗಳು ಸುಕೃತಿ ಫೋನ್ ಮಾಡಿದ್ದಳು. ಗಂಡು ಮಗುವಂತೆ, ಮೂಗು ನಿನ್ನದೇ ಅಂತೆ, ಪಾಪ. ಇಷ್ಟು ಹೊತ್ತಿಗೆ ನೀನು ಹೋಗಿ ನೋಡಿರುತ್ತೀಯ. ಹೇಗಿದ್ದಾನೆ ಬರಿ.

ಇಲ್ಲಿ ನನ್ನ ಮಾನ ಹೋಗುತ್ತಿದೆ. ಮೇಲಿನ ಮನೆಯ ಬಾಡಿಗೆಯವರು ನನ್ನ ಮೇಜಿನ ಮೇಲೆ ಬೈಬಲ್ ನೋಡಿ ಯಾರಿಗೋ ಹೇಳಿದ್ದಾರೆ. ದಾಯಾದಿ ಆಂಜಿನಪ್ಪ, ಜಮೀನು ರಿಂಗ್ ರೋಡಿಗೆ ಹೋದ ಮೇಲೆ ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಕೊಂಡು ಕೂತವನು, ಸೀತಾ ಹೋದ ಮೇಲೆ ಮೊದಲ ಸಲ ನನ್ನ ಮನೆಗೆ ಬಂದ.

“ಏನ್ಲಾ ಅನುಮ, ಎಡ್ತಿ ತಿಥಿ ಮಾಡ್ದೆ ಇದ್ದೋನು ಈಗ ಅವರ ಪುಸ್ತಕ ಬರೀತಾ ಕುಂತವ್ನೆ ಅಂತಾವ್ರಲ್ಲ. ಈ ವಯಸ್ನಾಗೆ ಇಂಗ್ಯಾಕ್ಲಾ ಮಾಡ್ತೀಯ?” ಅಂದ.

“ನಾನು ಅದನ್ನ ನಂಬಲ್ಲ ಕಣಪ್ಪಾ, ಬರೀತೀನಿ ಅಷ್ಟೆ,” ಅಂದೆ.

“ನಂಬ್ದೆ ಇದ್ಮೇಲೆ ಯಾಕ್ಲಾ ಬರೀತೀಯ?”

ನಮ್ಮ ವಿಚಾರವಾದಿಗಳ ಬಳಗದಲ್ಲಿ ಇದ್ದಾಗಲೂ ಯಾರೂ ನನ್ನನ್ನು ಇಷ್ಟು ಸುಲಭವಾಗಿ ಸೋಲಿಸಿರಲಿಲ್ಲ. ಕಾಫಿ ಮಾಡಿಕೊಟ್ಟೆ, ಕುಡಿದ. ಬೈಯಲಿಕ್ಕಾದರೂ ಮತ್ತೆ ಬರಲಿ ಅನ್ನಿಸಿತು.

ಯೋಬನ ಮಾತುಗಳು ನಡೆಯುತ್ತಿವೆ. ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ದೇವರನ್ನು ಕೋರ್ಟಿಗೆ ಕರೆಯುತ್ತಾನೆ. ನಿಮ್ಮ ಪುಸ್ತಕದಲ್ಲಿ ನನ್ನಂಥ ಒಬ್ಬ ಇದ್ದಾನೆ ಅಂತ ನೀನು ಇಷ್ಟು ವರ್ಷ ಹೇಳಲೇ ಇಲ್ಲ.

ಮಗುವಿನ ಸುದ್ದಿಗೆ ಕಾಯುತ್ತಿರುವ
ಹನುಮಯ್ಯ


ಅತ್ತಿಬೆಲೆ
30 ಜೂನ್ 2024

ಹನುಮ,

ಕಂತು ಬಂತು. ಆಂಜಿನಪ್ಪನ ಭಾಗ ಎರಡು ಸಲ ಓದಿದೆ.

ಇಲ್ಲಿ ಸೆಕೆ ಕಡಿಮೆಯಾಗಿದೆ. ಕಿಟಕಿಯಿಂದ ಹೆದ್ದಾರಿಯ ಲಾರಿಗಳು ಕಾಣುತ್ತವೆ, ಸದ್ದು ಮಾತ್ರ ಇಲ್ಲ. ಬೆಳಗ್ಗೆ ಎದ್ದು ಅದನ್ನೇ ನೋಡುತ್ತೇನೆ.

ಮುಂದಿನದು ಬೇಗ ಕಳಿಸು.

ದೇವರಾಜ


ದೊಡ್ಡನೆಕ್ಕುಂದಿ
18 ಆಗಸ್ಟ್ 2024

ದೇವರಾಜ,

ಮಗುವಿನ ಬಗ್ಗೆ ಕೇಳಿದರೆ ಲಾರಿಗಳ ಬಗ್ಗೆ ಬರೆದಿದ್ದೀಯ. ಇರಲಿ.

ಇದು ಕೊನೆಯ ಕಂತು. ದೇವರು ಬಿರುಗಾಳಿಯೊಳಗಿಂದ ಮಾತಾಡಿದ. ಯೋಬ ಕೇಳಿದ್ದು ನನಗೆ ಯಾಕೆ ಹೀಗಾಯಿತು ಅಂತ. ಅದಕ್ಕೆ ಉತ್ತರ ಬಿಟ್ಟು ಉಷ್ಟ್ರಪಕ್ಷಿ, ಕಾಡುಕತ್ತೆ, ನಕ್ಷತ್ರ, ಆಲಿಕಲ್ಲು ಎಲ್ಲ ಹೇಳಿದ. ವರ್ಣನೆ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ, ಕುದುರೆಯ ಭಾಗವನ್ನು ನಾನೇ ಗಟ್ಟಿಯಾಗಿ ಓದಿಕೊಂಡೆ. ಆದರೆ ಉತ್ತರವಲ್ಲ.

ಆಮೇಲೆ ಒಂದು ಆಶ್ಚರ್ಯ ನಡೆಯಿತು. ದೇವರನ್ನು ಸಮರ್ಥಿಸಿಕೊಂಡು ಮಾತಾಡಿದ ಆ ಸ್ನೇಹಿತರ ಮೇಲೆ ದೇವರಿಗೇ ಸಿಟ್ಟು ಬಂತು. ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದ್ದು ಅಂದ. ಇದನ್ನು ಬರೆದವನು ಯಾರೇ ಇರಲಿ, ಸಿಕ್ಕಿದ್ದರೆ ಕಾಫಿ ಕುಡಿಸುತ್ತಿದ್ದೆ.

ಯೋಬನಿಗೆ ಒಳ್ಳೆಯದಾಯಿತು. ಪುಸ್ತಕ ಇಲ್ಲಿಗೆ ಮುಗಿಯಿತು. ಮುಂದೆ ಯಾವುದು ಬರೆಯಲಿ ಹೇಳು.

ಪೆನ್ನು ಕೆಳಗಿಟ್ಟು ಬೆರಳು ನೀವಿಕೊಳ್ಳುತ್ತಿರುವ
ಹನುಮಯ್ಯ


ದೊಡ್ಡನೆಕ್ಕುಂದಿ
20 ಅಕ್ಟೋಬರ್ 2024

ದೇವರಾಜ,

ಎರಡು ತಿಂಗಳಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಅಂಚೆಯವನು ನನ್ನ ಮುಖ ನೋಡಿದರೆ ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ.

ತಡೆಯಲಾರದೆ ಆಶ್ರಮಕ್ಕೆ ಫೋನ್ ಮಾಡಿದೆ. ನಿಮ್ಮನ್ನು ನೋಡಿಕೊಳ್ಳುವ ಯಾಮಿನಿ ಅನ್ನುವ ಹುಡುಗಿ ಮಾತಾಡಿದಳು. “ಚೆನ್ನಾಗಿದಾರೆ ಸಾರ್, ಊಟ ಎಲ್ಲ ಮಾಡ್ತಾರೆ. ಪ್ರಾರ್ಥನೆಗೆ ಮಾತ್ರ ಬರ್ತಿಲ್ಲ. ಕರೆದ್ರೆ ಕಾಲು ನೋವು ಅಂತಾರೆ. ಆದ್ರೆ ಅದೇ ಟೈಮಲ್ಲಿ ತೋಟದಲ್ಲಿ ಓಡಾಡ್ತಿರ್ತಾರೆ,” ಅಂದಳು.

ಹೋದ ಭಾನುವಾರ ಸುಕೃತಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಬಾಗಿಲಲ್ಲೇ ಅವಳ ಕಣ್ಣು ತುಂಬಿತ್ತು. “ಅಪ್ಪ ಇವನನ್ನ ಎತ್ಕೊಳ್ಳೋದೇ ಇಲ್ಲ ಅಂಕಲ್. ನಾವೇ ಅಲ್ಲಿಗೆ ಕರ್ಕೊಂಡು ಹೋದ್ರೂ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಬಿಟ್ರು. ಡಿಸೆಂಬರ್ ಎಂಟಕ್ಕೆ ದೀಕ್ಷಾಸ್ನಾನ. ಆಕರ್ಷ್ ಅಂತಾನೇ ಹೆಸರಿಡ್ತೀವಿ, ಅಣ್ಣನೇ ವಾಪಸ್ ಬಂದ ಹಾಗೆ. ಅಪ್ಪನೇ ಎತ್ಕೊಂಡು ನಿಲ್ಬೇಕು. ನೀವ್ ಹೇಳಿದ್ರೆ ಕೇಳ್ತಾರೆ,” ಅಂದಳು.

ನಾನು ಹೇಳಿದರೆ ನೀನು ಯಾವತ್ತು ಕೇಳಿದ್ದೀಯ? ಮಗು ನನ್ನ ಕನ್ನಡಕ ಕಿತ್ತುಕೊಂಡು ಚೀಪಿತು. ಅವರು ಹೋದ ಮೇಲೆ ಮನೆ ಬಹಳ ಖಾಲಿ ಅನ್ನಿಸಿತು, ಕನ್ನಡಕ ಒರೆಸದೆ ಹಾಗೇ ಹಾಕಿಕೊಂಡೆ.

ಏನಾಗಿದೆ ಹೇಳು. ನಾನು ಬರೆದದ್ದು ನಿನಗೆ ನೋವಾಗಿದ್ದರೆ ಅದನ್ನಾದರೂ ಹೇಳು.

ಹನುಮಯ್ಯ


ಅತ್ತಿಬೆಲೆ
3 ನವೆಂಬರ್ 2024

ಹನುಮ,

ನೀನು ಕೊನೆಯ ಸಾಲುಗಳನ್ನು ಬಿಟ್ಟಿದ್ದೀಯ.

ಯೋಬನ ಪುಸ್ತಕ ನನಗೆ ಬಾಯಿಪಾಠ. ಚಿಕ್ಕವನಿದ್ದಾಗ ಭಾನುವಾರದ ಶಾಲೆಯಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಕೀರ್ತನೆಗಳೂ ಬಾಯಿಪಾಠವೇ. ಓದಲಿಕ್ಕೆ ಅಂತ ಕೇಳಿದ್ದಲ್ಲ. ಕಾಗದ ಬರುತ್ತಿರಲಿ ಅಂತ ಕೇಳಿದೆ.

ಯಾಕೆ ಬಿಟ್ಟೆ ಅಂತ ಗೊತ್ತು. ಕೊನೆಯಲ್ಲಿ ದೇವರು ಯೋಬನಿಗೆ ಬೇರೆ ಮಕ್ಕಳನ್ನು ಕೊಡುತ್ತಾನೆ. ಅದನ್ನು ನಾನು ಓದಬಾರದು ಅಂತ ಬಿಟ್ಟೆ. ನನಗೆ ಸಿಟ್ಟು ಬಂತು, ಅದಕ್ಕೇ ಬರೆಯಲಿಲ್ಲ. ಎಲ್ಲರೂ ನನ್ನನ್ನು ಸಮಾಧಾನ ಮಾಡುತ್ತಾರೆ. ನೀನೂ ಅದನ್ನೇ ಮಾಡಿದರೆ ನಾನು ಯಾರ ಹತ್ತಿರ ಹೋಗಲಿ?

ಆಕರ್ಷ್ ಹೋದಾಗ ಮನೆಗೆ ಬಂದವರು ಕೊಟ್ಟವನೇ ತೆಗೆದುಕೊಂಡ ಅಂದರು. ಸಹಿಸಿದೆ. ಸುಕೃತಿಗೆ ಮಗುವಾದಾಗ ನಮ್ಮ ಚರ್ಚಿನ ಸಭಾಪಾಲಕರು ಇಲ್ಲಿಗೇ ಬಂದರು. ನನಗೆ ಕೇಳಿಸುವುದಿಲ್ಲವಲ್ಲ, ಚೀಟಿಯಲ್ಲಿ ದೊಡ್ಡದಾಗಿ ಬರೆದು ಮುಖದ ಮುಂದೆ ಹಿಡಿದರು. ದೇವರು ನಿಮ್ಮ ಆಕರ್ಷನನ್ನು ಹಿಂದಕ್ಕೆ ಕೊಟ್ಟಿದ್ದಾನೆ, ಯೋಬನಿಗೆ ಕೊಟ್ಟ ಹಾಗೆ ಅಂತ. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು ಅವರಿಗೆ.

ಅವತ್ತಿನಿಂದ ಪ್ರಾರ್ಥನೆಗೆ ಕೂತರೆ ನನಗೆ ಮಾತು ಬರುವುದಿಲ್ಲ. ಮಗು ಮುದ್ದಾಗಿದೆ, ನೋಡಿದ್ದೇನೆ. ಎತ್ತಿಕೊಂಡರೆ ಅದಕ್ಕೆ ಇದು ಸರಿಹೋಯಿತು ಅಂತ ಒಪ್ಪಿಕೊಂಡ ಹಾಗೆ ಅನ್ನಿಸುತ್ತದೆ. ಆ ಹೆಸರಿಟ್ಟು ಕರೆದರೆ ನನ್ನ ಮಗ ಪೂರ್ತಿ ಹೋಗಿಬಿಡುತ್ತಾನೆ. ಇದನ್ನು ಸುಕೃತಿಗೆ ಹೇಗೆ ಹೇಳಲಿ? ಇಲ್ಲಿ ಯಾರಿಗೆ ಹೇಳಲಿ?

ನನ್ನ ಬೈಬಲಿನಿಂದ ಯೋಬನ ಕೊನೆಯ ಹಾಳೆ ಹರಿದು ಇದರ ಜೊತೆ ಇಟ್ಟಿದ್ದೇನೆ. ಅವತ್ತು ನೀನು ಹರಿದೆ, ಇವತ್ತು ನಾನು. ಇಪ್ಪತ್ತು ವರ್ಷ ಇನ್‌ಸ್ಪೆಕ್ಷನ್ನಿನಲ್ಲಿ ಪಾರ್ಟುಗಳನ್ನು ತಪಾಸಣೆ ಮಾಡಿದವನು ನೀನು. ನನಗೋಸ್ಕರ ಅಂತ ಮೃದು ಮಾಡದೆ ನೋಡು. ಇದು ಪಾಸೋ, ರಿಜೆಕ್ಟೋ?

ದೇವರಾಜ


ದೊಡ್ಡನೆಕ್ಕುಂದಿ
12 ನವೆಂಬರ್ 2024

ದೇವರಾಜ,

ನಿನ್ನ ಕಾಗದ ಓದಿ ನಾನು ಖುಷಿಪಡಬೇಕಿತ್ತು. ನಲವತ್ತು ವರ್ಷ ಕ್ಯಾಂಟೀನಿನಲ್ಲಿ ಟೀ ಆರಲು ಬಿಟ್ಟು ನಿನ್ನ ಜೊತೆ ವಾದ ಮಾಡಿದೆ, ನೀನು ಒಂದು ನೂಲಷ್ಟೂ ಅಲುಗಲಿಲ್ಲ. ಈಗ ಪ್ರಾರ್ಥನೆ ಬರುವುದಿಲ್ಲ ಅಂತ ಬರೆದಿದ್ದೀಯ. ಆ ಸಂಜೆ ನನಗೆ ಅನ್ನ ಇಳಿಯಲಿಲ್ಲ. ನೀನು ಎಲ್ಲೋ ಕೂತು ಪ್ರಾರ್ಥನೆ ಮಾಡುತ್ತಿದ್ದೀಯ ಅನ್ನುವ ಧೈರ್ಯದ ಮೇಲೇ ನಾನು ಇಷ್ಟು ವರ್ಷ ಮಾಡದೆ ಇದ್ದೆನೇನೋ.

ಸಾಲು ಬಿಟ್ಟದ್ದು ನಿಜ. ನಿನ್ನನ್ನು ಕಾಪಾಡಲು ಹೊರಟೆ, ನಿನಗಿಂತ ಚೆನ್ನಾಗಿ ಆ ಪುಸ್ತಕ ಗೊತ್ತಿರುವ ಹಾಗೆ. ಈಗ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಇಟ್ಟುಕೊಂಡು, ಭೂತಗನ್ನಡಿ ಹಿಡಿದು, ಮೊದಲ ಅಧ್ಯಾಯದ ಜೊತೆ ತಾಳೆ ನೋಡಿದ್ದೇನೆ. ಮೃದು ಮಾಡಿಲ್ಲ.

ಮೊದಲು ಎಷ್ಟು ಕುರಿ ಇದ್ದವೋ ಕೊನೆಯಲ್ಲಿ ಅದರ ಎರಡರಷ್ಟು. ಒಂಟೆ ಎರಡರಷ್ಟು, ಎತ್ತು ಎರಡರಷ್ಟು, ಕತ್ತೆ ಎರಡರಷ್ಟು. ಮಕ್ಕಳು ಮಾತ್ರ ಮೊದಲಿದ್ದಷ್ಟೇ, ಏಳು ಗಂಡು, ಮೂರು ಹೆಣ್ಣು. ಬರೆದವನ ಕೈತಪ್ಪು ಅಂದುಕೊಂಡು ಮತ್ತೆ ನೋಡಿದೆ. ಅಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆದವನು ಅಲ್ಲೊಂದೇ ಕಡೆ ತಪ್ಪುವುದಿಲ್ಲ. ಕತ್ತೆಯ ತನಕ ಎರಡರಷ್ಟು ಅಂತ ಬರೆದುಕೊಂಡು ಬಂದವನು ಮಕ್ಕಳ ಹತ್ತಿರ ಬಂದಾಗ ಕೈ ನಿಲ್ಲಿಸಿದ್ದಾನೆ. ಅವನಿಗೂ ಒಂದು ಮಗು ಹೋಗಿತ್ತು ಅಂತ ನನಗೆ ಅನ್ನಿಸುತ್ತದೆ. ಹೋದ ಕತ್ತೆಗೆ ಇನ್ನೊಂದು ಕತ್ತೆ ಬಂದರೆ ಸಾಕು. ಮಕ್ಕಳ ವಿಷಯದಲ್ಲಿ ಅವನು ಆ ಮಾತು ಬರೆಯಲಿಲ್ಲ. ಹಿಂದಕ್ಕೆ ಕೊಟ್ಟ ಅಂತ ಕೂಡ ಬರೆಯಲಿಲ್ಲ. ಬೇರೆ ಮಕ್ಕಳಾದರು ಅಂತಷ್ಟೇ ಇದೆ. ಆ ಹೆಣ್ಣುಮಕ್ಕಳ ಹೆಸರುಗಳಿವೆ, ಸತ್ತವರ ಹೆಸರನ್ನು ಇವರಿಗಿಟ್ಟ ಅಂತ ಎಲ್ಲೂ ಇಲ್ಲ.

ದೇವರು ಇದನ್ನು ಬರೆಸಿದ ಅಂತ ನಾನು ಇವತ್ತೂ ಒಪ್ಪುವುದಿಲ್ಲ. ಯಾರೋ ಮನುಷ್ಯ ಬರೆದ. ಅದಕ್ಕೇ ನನಗೆ ಅವನ ಮೇಲೆ ಗೌರವ. ನಿಮ್ಮ ಸಭಾಪಾಲಕರು ಬರೆದ ಚೀಟಿ ರಿಜೆಕ್ಟ್. ಈ ಹಾಳೆ ಪಾಸ್.

ನಮ್ಮ ಸೆಕ್ಷನ್ನಿನ ನಿಯಮ ನಿನಗೆ ನೆನಪಿರಬೇಕು. ಪ್ರತಿ ಪಾರ್ಟಿನ ಮೇಲೂ ಅದರದೇ ನಂಬರು ಹೊಡೆಯುತ್ತಿದ್ದೆವು. ಒಂದು ಪಾರ್ಟು ಮುರಿದರೆ, ಕಳೆದುಹೋದರೆ, ಅದರ ನಂಬರನ್ನು ಇನ್ನೊಂದಕ್ಕೆ ಹೊಡೆಯುವ ಹಾಗಿಲ್ಲ. ಆ ನಂಬರು ಅದರ ಜೊತೆಗೇ ಹೋಗುತ್ತದೆ. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಶಶಿಕುಮಾರ್ ಒಂದು ಸಲ ಹಾಗೆ ಮಾಡಿ ಮೆಮೊ ತೆಗೆದುಕೊಂಡಿದ್ದ. ಆಕರ್ಷ್ ಅನ್ನುವ ಹೆಸರು ಆಕರ್ಷನದು. ಈ ಮಗು ಬೇರೆ. ಅದು ಏನನ್ನೂ ಸರಿಹೋಗಿಸಲು ಬಂದಿಲ್ಲ, ಪಾಪ, ಕನ್ನಡಕ ಚೀಪಲು ಬಂದಿದೆ. ಇದನ್ನು ಸುಕೃತಿಗೆ ಹೀಗೇ ಹೇಳು. ಅವಳೂ ಅಣ್ಣನನ್ನು ಕಳೆದುಕೊಂಡವಳು, ಅವಳಿಗೆ ಅರ್ಥವಾಗುತ್ತದೆ.

ಬಿಟ್ಟಿದ್ದ ಸಾಲುಗಳನ್ನು ದಪ್ಪಕ್ಷರದಲ್ಲಿ ಬರೆದು ಜೊತೆಯಲ್ಲಿ ಇಟ್ಟಿದ್ದೇನೆ. ಕೆಳಗೆ ನನ್ನದೊಂದು ಷರಾ ಇದೆ: ‘ಮೊದಲಿನ ಮಕ್ಕಳು ಹಾಗೇ ಬಾಕಿ.’ ಹರಿದ ಹಾಳೆಯನ್ನು ಬರುವಾಗ ತರುತ್ತೇನೆ, ನಿನ್ನ ಬೈಬಲಿಗೆ ಅಂಟಿಸಿಕೊಡುತ್ತೇನೆ. ಇಂಥ ಕಾಗದ ಹಾಳಾಗಬಾರದು.

ಈ ಸಲ ಏನನ್ನೂ ಬಿಡದ
ಹನುಮಯ್ಯ


ಅತ್ತಿಬೆಲೆ
24 ನವೆಂಬರ್ 2024

ಹನುಮ,

ಕುರಿ ಒಂಟೆ ಎಲ್ಲ ನನಗೂ ಬಾಯಿಪಾಠವಿತ್ತು. ಮಕ್ಕಳು ಎರಡರಷ್ಟಾಗಿಲ್ಲ ಅಂತ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಸಭಾಪಾಲಕರಿಗೆ ನಿನ್ನ ಕಾಗದ ತೋರಿಸಿದೆ. ಓದಿ, ಮೊದಲಿನವರು ದೇವರ ಹತ್ತಿರ ಇದ್ದಾರೆ, ಅದಕ್ಕೇ ಎರಡರಷ್ಟು ಬೇಕಾಗಲಿಲ್ಲ ಅಂತ ಬರೆದುಕೊಟ್ಟರು. ಇರಬಹುದು. ಸದ್ಯಕ್ಕೆ ನನಗೆ ನೀನು ಹೇಳಿದ್ದು, ಬರೆದವನ ಕೈ ನಿಂತಿತು ಅನ್ನುವುದು, ಸಾಕು.

ಸುಕೃತಿ ಬಂದಿದ್ದಳು. ಹೇಳಿದೆ. ಅತ್ತಳು, ನಾನೂ ಅತ್ತೆ. ನನಗೂ ಆ ಹೆಸರು ಬಾಯಿಗೆ ಬರುತ್ತಿರಲಿಲ್ಲ, ಪಾಪು ಅಂತಲೇ ಕರೆಯುತ್ತಿದ್ದೆ ಅಪ್ಪ ಅಂತ ನನ್ನ ಮಾರ್ಕರಿನಲ್ಲೇ ಬರೆದು ತೋರಿಸಿದಳು. ಬೇರೆ ಹೆಸರು ನೋಡುತ್ತಾರಂತೆ. ಅವಳು ಕಣ್ಣೊರೆಸಿಕೊಳ್ಳಲು ಕೈ ಖಾಲಿ ಬೇಕಿತ್ತು, ಮಗುವನ್ನು ನನ್ನ ಕಡೆ ಚಾಚಿದಳು, ನಾನು ತೆಗೆದುಕೊಂಡೆ. ತೂಕವಾಗಿದ್ದಾನೆ.

ಪ್ರಾರ್ಥನೆ ಇನ್ನೂ ಬಂದಿಲ್ಲ. ಬರದೇ ಇದ್ದರೂ ಇರಬಹುದು. ನಿನ್ನ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಎಂಟನೇ ತಾರೀಖು ದೀಕ್ಷಾಸ್ನಾನಕ್ಕೆ ವೈಟ್‌ಫೀಲ್ಡಿನ ನಮ್ಮ ಚರ್ಚಿಗೆ ನೀನು ಬರಬೇಕು. ಪ್ರಾರ್ಥಿಸೋಣ ಅಂದ ತಕ್ಷಣ ಎಲ್ಲರೂ ಕಣ್ಣು ಮುಚ್ಚುತ್ತಾರೆ. ನಾನು ಮಗುವನ್ನು ಎತ್ತಿಕೊಂಡು ಮುಂದೆ ನಿಂತಿರುತ್ತೇನೆ, ಕಣ್ಣು ಬಿಟ್ಟುಕೊಂಡು. ಅಷ್ಟು ಜನರ ನಡುವೆ ನಾನೊಬ್ಬನೇ ಹಾಗೆ ನಿಂತಿರಲು ನನಗೆ ಭಯ. ನೀನು ಹೇಗೂ ಮುಚ್ಚುವುದಿಲ್ಲವಲ್ಲ. ಮುಂದಿನ ಬೆಂಚಿನಲ್ಲಿ ಕೂತುಕೋ. ನನಗೆ ಮುಖ ಸರಿಯಾಗಿ ಕಾಣುವುದಿಲ್ಲ, ಬಿಳಿ ಅಂಗಿ ಹಾಕಿಕೊಂಡು ಬಾ.

ದೇವರಾಜ